ಕ್ಯಾಂಟೀನಿಗೆ ಹೋದ ಕರೆಗಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದೇ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು ಅದು. ಹೆಸರು ಬೇಡ. ಅಲ್ಲಿ ಕೆಲಸ ಮಾಡಿದವರಿಗೆ ಎರಡು ಪುಟ ಓದುವಷ್ಟರಲ್ಲಿ ಗೊತ್ತಾಗುತ್ತದೆ, ಮಿಕ್ಕವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ನಾಲ್ಕನೇ ವಯಸ್ಸಿನಲ್ಲಿ ಒಂದು ಜ್ವರ ಬಂತು, ಜ್ವರ ಇಳಿದ ಮೇಲೆ ಬೆಳಕು ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆ ಹೇಳಿದರೆ ಜನ ಓದುವುದನ್ನು ನಿಲ್ಲಿಸಿ "ಅಯ್ಯೋ ಪಾಪ" ಅನ್ನುತ್ತಾರೆ. ಆಮೇಲೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಕುರುಡರಿಗೆ ಟೆಲಿಫೋನ್ ಬೋರ್ಡ್ ಕಲಿಸುವ ಒಂದು ಕೋರ್ಸ್ ಇತ್ತು. ಅದನ್ನು ಮುಗಿಸಿಕೊಂಡು ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಆ ಆಸ್ಪತ್ರೆಗೆ ಸೇರಿದೆ. ನಮ್ಮ ಮನೆ ಹಲಸೂರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಮೊದಲ ದಿನ ಅಮ್ಮ ನನ್ನ ಜೊತೆ ಬಸ್ಸಿನಲ್ಲಿ ಬಂದು, ಗೇಟಿನಿಂದ ಬೋರ್ಡ್ ರೂಮಿನವರೆಗೆ ಕೈಹಿಡಿದು ನಡೆಸಿ, ಬಾಗಿಲಲ್ಲಿ ನಿಂತು, "ಇವಳು ನಮ್ಮ ಹುಡುಗಿ, ಸ್ವಲ್ಪ ನೋಡ್ಕೊಳ್ಳಿ" ಅಂದಳು. ಒಳಗಿಂದ ಒಂದು ಹೆಣ್ಣು ದನಿ, "ಬಾ ಕಣ್ಣು, ಒಳಗೆ ಬಾ" ಅಂತು. ಅಂದದ್ದೇ ತಡ, ಹಾವು ತುಳಿದವರ ಹಾಗೆ ನಿಂತುಹೋಯಿತು.

ಅದು ಅಕ್ಕನ ದನಿ. ಬೋರ್ಡಿನಲ್ಲಿ ಆಗಲೇ ಇಪ್ಪತ್ತು ವರ್ಷ ಕಳೆದಿದ್ದ ಹಿರಿಯ ಆಪರೇಟರ್. ಅವರೂ ಹಲಸೂರಿನವರೇ, ಮನೆಮಾತು ತಮಿಳು. ಅವರಿಗೆ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರೂ 'ಕಣ್ಣು'. ತಮಿಳಿನಲ್ಲಿ ಮುದ್ದಿನ ಮಾತು ಅದು. ಆದರೆ ನನ್ನನ್ನು ಹಾಗೆ ಕರೆದುಬಿಟ್ಟೆನಲ್ಲ ಅಂತ ಅವತ್ತೆಲ್ಲ ಒದ್ದಾಡಿದರು. ಮಧ್ಯಾಹ್ನದವರೆಗೂ "ಏನಮ್ಮಾ, ಇಲ್ಲಿ ನೋಡಮ್ಮಾ" ಅನ್ನುವುದು, 'ನೋಡು' ಅಂದೆನಲ್ಲ ಅಂತ ಮತ್ತೆ ನಾಲಿಗೆ ಕಚ್ಚಿಕೊಳ್ಳುವುದು. ಊಟದ ಹೊತ್ತಿಗೆ ನನಗೇ ತಡೆಯಲಿಲ್ಲ. "ಅಕ್ಕಾ, ಎಲ್ಲರನ್ನೂ ಕಣ್ಣು ಅಂತೀರ, ನನ್ನೊಬ್ಬಳನ್ನ ಬಿಟ್ರೆ ನನಗೆ ಬೇಜಾರಾಗುತ್ತೆ" ಅಂದೆ. ಅವರು ನಕ್ಕ ನಗು ಪಕ್ಕದ ಎಕ್ಸ್-ರೇ ರೂಮಿಗೂ ಕೇಳಿಸಿರಬೇಕು. ಅಲ್ಲಿಂದ ಮುಂದೆ ನಾನು ಅವರ ಕಣ್ಣು.

ಆ ಬೋರ್ಡಿನ ಬಗ್ಗೆ ಹೇಳಬೇಕು. ಎದೆಯೆತ್ತರದ ಮರದ ಪೆಟ್ಟಿಗೆ. ಮೇಲೆ ಸಾಲುಸಾಲಾಗಿ ಹೆಬ್ಬೆರಳಷ್ಟು ಅಗಲದ ತಗಡಿನ ಮುಚ್ಚಳಗಳು. ಪ್ರತಿ ಮುಚ್ಚಳದ ಕೆಳಗೆ ಒಂದು ತೂತು. ಮುಂದೆ ಮೇಜಿನ ಮೇಲೆ ಜೋಡಿಜೋಡಿಯಾಗಿ ಪ್ಲಗ್ಗುಗಳು, ಅವುಗಳ ವೈರು ಬಟ್ಟೆ ಸುತ್ತಿದ ಹಗ್ಗದ ಹಾಗೆ. ಯಾವ ವಾರ್ಡಿನವರು ಫೋನ್ ಎತ್ತಿದರೂ ಆ ವಾರ್ಡಿನ ಮುಚ್ಚಳ 'ಟಪ್' ಅಂತ ಬೀಳುತ್ತಿತ್ತು. ಬೆರಳಾಡಿಸಿ ಬಿದ್ದದ್ದು ಯಾವುದು ಅಂತ ಹುಡುಕಿ, ಪ್ಲಗ್ಗನ್ನು ಆ ತೂತಿಗೆ ಹಾಕಿ, ಯಾರು ಬೇಕು ಅಂತ ಕೇಳಿ, ಜೋಡಿ ಪ್ಲಗ್ಗನ್ನು ಅವರು ಹೇಳಿದ ತೂತಿಗೆ ಹಾಕಿದರೆ ಇಬ್ಬರೂ ಮಾತಾಡಬಹುದು. ಕೆಲಸ ಅಷ್ಟೇ. ನನ್ನಂಥವರಿಗಾಗಿಯೇ ಮಾಡಿಟ್ಟಂತಿತ್ತು ಆ ಬೋರ್ಡು. ಎಲ್ಲವೂ ಕೈಗೆ ಸಿಗುತ್ತಿತ್ತು, ಎಲ್ಲದಕ್ಕೂ ಸದ್ದಿತ್ತು.

ಆರು ತಿಂಗಳಲ್ಲಿ ಹುಡುಕುವ ಅಗತ್ಯವೂ ಹೋಯಿತು. ಹೆರಿಗೆ ವಾರ್ಡಿನ ಮುಚ್ಚಳ ಭಾರವಾಗಿ ಬೀಳುತ್ತಿತ್ತು. ಔಷಧಿ ಅಂಗಡಿಯದು ಬಿದ್ದ ಮೇಲೆ ಒಂದು ಕ್ಷಣ ಅದುರುತ್ತಿತ್ತು. ಮೇಟ್ರನ್ ರೂಮಿನದು ಅರ್ಧ ಬಿದ್ದು ನಿಲ್ಲುತ್ತಿತ್ತು, ಅದನ್ನು ಉಗುರಿನಿಂದ ಎಳೆಯಬೇಕು. ಹೊರಗಿನ ಲೈನುಗಳ ಸದ್ದಂತೂ ಇನ್ನೂ ಬೇರೆ. ಪ್ರತಿ ಲೈನಿನ ಹಿಂದೆಯೂ ಒಂದು ಗುಂಯ್‌ಗುಟ್ಟುವಿಕೆ, ಒಂದೊಂದಕ್ಕೂ ಒಂದೊಂದು ಶ್ರುತಿ. ಮಳೆ ಬಂದರೆ ಮೂರನೇ ಲೈನಿನಲ್ಲಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ನಮ್ಮಲ್ಲಿ ಇನ್ನೂ ಹನಿ ಬಿದ್ದಿರದಿದ್ದರೂ, ಕೇಬಲ್ ಹಾದುಹೋದ ಕಡೆ ಎಲ್ಲೋ ಮಳೆ ಶುರುವಾಗಿದೆ ಅಂತ ತಿಳಿಯುತ್ತಿತ್ತು. ನಾನು "ಬಟ್ಟೆ ಒಳಗೆ ತಗೊಳ್ಳಿ" ಅಂದರೆ ಆಯಾಗಳು ಎದುರು ಮಾತಾಡದೆ ಟೆರೇಸಿಗೆ ಓಡುತ್ತಿದ್ದರು.

ಒಬ್ಬರ ಲೈನಿನೊಳಗೆ ಇನ್ನೊಬ್ಬರ ಮಾತು ನುಗ್ಗುವುದೂ ಇತ್ತು. ಒಮ್ಮೆ ಒಂದು ವಾರ ಪೂರ್ತಿ ಎರಡನೇ ಲೈನಿನಲ್ಲಿ ಯಾರೋ ಇಬ್ಬರು ಹೆಂಗಸರು ಮದುವೆ ಮಾತಾಡುತ್ತಿದ್ದರು. ಹುಡುಗಿಗೆ ಹುಡುಗ ಒಪ್ಪಿಗೆಯೋ ಇಲ್ಲವೋ ಅನ್ನುವುದು ತಿಳಿಯುವ ಮೊದಲೇ ಲೈನ್ ರಿಪೇರಿಯಾಯಿತು. ಅಕ್ಕನಿಗೆ ಬಹಳ ಬೇಜಾರಾಯಿತು. "ಇನ್ನು ಎರಡು ದಿನ ಬಿಟ್ಟು ಬಂದಿದ್ರೆ ಇವರ ಗಂಟು ಏನು ಹೋಗ್ತಿತ್ತು" ಅಂತ ಲೈನ್‌ಮನ್ನನ್ನು ಬೈದರು.

ನಮ್ಮ ಬೋರ್ಡನ್ನು ನೋಡಿಕೊಳ್ಳುತ್ತಿದ್ದವರು ಚಾಚಾ. ಆಸ್ಪತ್ರೆಯ ಟೆಕ್ನೀಷಿಯನ್. ಬಿಳಿಗಡ್ಡದವರು ಅಂತ ಅಕ್ಕ ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಅತ್ತರು, ಸೋಲ್ಡರಿಂಗ್ ಹೊಗೆ ಮತ್ತು ಏಲಕ್ಕಿ ಸೇರಿದ ಒಂದು ವಾಸನೆ. ಮನೆ ಶಿವಾಜಿನಗರದಲ್ಲೇ. ಪ್ರತಿ ಬೆಳಿಗ್ಗೆ ಬಂದು, ಕುಂಚದಿಂದ ತೂತುಗಳ ಧೂಳು ತೆಗೆದು, "ಕೈಸಾ ಹೈ ಬೇಟಿ, ಎಲ್ಲಾ ಮಾತಾಡ್ತಾ ಇದ್ಯಾ?" ಅಂತ ಕೇಳುತ್ತಿದ್ದರು. ಕೇಳುತ್ತಿದ್ದದ್ದು ಬೋರ್ಡಿನ ಬಗ್ಗೆಯೋ ನಮ್ಮಿಬ್ಬರ ಬಗ್ಗೆಯೋ ಗೊತ್ತಾಗುತ್ತಿರಲಿಲ್ಲ.

ಹೀಗೆ ಏಳೆಂಟು ವರ್ಷ ಹೋಯಿತು. ಬೆಳಗಿನ ಪಾಳಿ ಒಬ್ಬರು, ಮಧ್ಯಾಹ್ನದ ಪಾಳಿ ಒಬ್ಬರು, ಮಧ್ಯದ ಎರಡು ಗಂಟೆ ಇಬ್ಬರೂ. ಆ ಎರಡು ಗಂಟೆಗಾಗಿಯೇ ನಾನು ಕೆಲಸಕ್ಕೆ ಹೋಗುತ್ತಿದ್ದೆ ಅಂದರೂ ಸರಿ.

ಆಮೇಲೆ ಹೊಸ ಬೋರ್ಡ್ ಬಂತು.

ಬರುತ್ತದೆ ಅನ್ನುವ ಸುದ್ದಿ ವರ್ಷದಿಂದ ಇತ್ತು. ಊರಿನ ಎಕ್ಸ್‌ಚೇಂಜುಗಳೆಲ್ಲ ಒಂದೊಂದಾಗಿ ಡಿಜಿಟಲ್ ಆಗುತ್ತಿದ್ದವು. ನಮ್ಮ ಲೈನುಗಳ ಗುಂಯ್‌ಗುಟ್ಟುವಿಕೆ ಒಂದೊಂದಾಗಿ ನಿಂತದ್ದು ಮೊದಲು ತಿಳಿದದ್ದು ನನಗೇ. ಒಂದು ಸೋಮವಾರ ಮೂರನೇ ಲೈನ್ ಎತ್ತಿದರೆ ಬಾವಿಯ ತಳದ ಹಾಗೆ ಮೌನ. ಕೆಟ್ಟಿದೆ ಅಂದುಕೊಂಡು ಇಡಬೇಕು ಅನ್ನುವಾಗ ಒಬ್ಬ ಗಂಡಸು ಕಿವಿಯಲ್ಲೇ ಕುಳಿತವನ ಹಾಗೆ, "ಹಲೋ, ಆಸ್ಪತ್ರೆನಾ?" ಅಂದ. ಬೆಚ್ಚಿಬಿದ್ದೆ. ಅವನು ಮಾತಾಡುತ್ತಿದ್ದದ್ದು ಊರಾಚೆಯ ಕೆ.ಆರ್. ಪುರದಿಂದ. ಅಷ್ಟು ದಿನ ಕೆ.ಆರ್. ಪುರದವರ ದನಿ ಬರುತ್ತಿದ್ದದ್ದು ಡಬ್ಬದೊಳಗಿಂದ ಮಾತಾಡಿದ ಹಾಗೆ. ಅವತ್ತು ಅವನ ಹಿಂದೆ ಒಂದು ಮಗು ಮಗ್ಗಿ ಹೇಳುತ್ತಿದ್ದದ್ದೂ ಕೇಳಿಸಿತು. ಮಗು ಏಳರ ಮಗ್ಗಿಯಲ್ಲಿ ತಪ್ಪು ಮಾಡಿತು, ನನಗೆ ತಿದ್ದಬೇಕು ಅನ್ನಿಸಿತು.

ಇಷ್ಟು ಚೆನ್ನಾಗಿ ಕೇಳಿಸುವುದಾದರೆ ಬರಲಿ ಬಿಡು ಹೊಸ ಬೋರ್ಡು ಅಂತ ನಾನೇ ಅಕ್ಕನಿಗೆ ಹೇಳಿದ್ದೆ.

ಬಂದದ್ದು ಒಂದು ಚಪ್ಪಟೆ ಪ್ಲಾಸ್ಟಿಕ್ ಪೆಟ್ಟಿಗೆ. ಮೇಜಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟ ಹಾಗೆ. ಬೋರ್ಡಿನ ಮಿದುಳು ಪಕ್ಕದ ಕೋಣೆಯ ಬೀರುವಿನಲ್ಲಿ ಇತ್ತು, ನಮ್ಮ ಮುಂದೆ ಇದ್ದದ್ದು ಅದರ ಮುಖ ಮಾತ್ರ. ಮುಚ್ಚಳಗಳಿಲ್ಲ, ಪ್ಲಗ್ಗುಗಳಿಲ್ಲ. ಸಾಲುಸಾಲು ನುಣುಪಾದ ಗುಂಡಿಗಳು, ಪ್ರತಿ ಗುಂಡಿಯ ಪಕ್ಕ ಒಂದು ಚಿಕ್ಕ ದೀಪ. ಯಾವ ಲೈನು ಬಂದರೂ ಒಂದೇ 'ಪೀಂ'. ಯಾವುದು ಬಂತು ಅಂತ ಹೇಳುವುದು ದೀಪ ಮಾತ್ರ. ನಾನು ಅದರ ಮೇಲೆ ಅಂಗೈ ಇಟ್ಟೆ. ಬಿಸಿ ಕೂಡ ತಾಗಲಿಲ್ಲ.

ಆಡಳಿತದ ಅಧಿಕಾರಿ ಕೆಟ್ಟವರಲ್ಲ. ಕರೆಸಿ, ಕುರ್ಚಿ ಎಳೆದು ಕೂರಿಸಿ ಹೇಳಿದರು. "ನೋಡಿಮ್ಮಾ, ಹೊಸ ಬೋರ್ಡಿಗೆ ಒಬ್ಬರು ಸಾಕು. ವಾರ್ಡಿನಿಂದ ವಾರ್ಡಿಗೆ ಅವರೇ ನಂಬರ್ ಒತ್ಕೋತಾರೆ. ನಿಮಗೆ ಕೆಲಸ ಹೋಗಲ್ಲ. ಲಿನನ್ ರೂಮಿಗೆ ಹಾಕ್ತೀನಿ."

ಲಿನನ್ ರೂಮ್ ಅಂದರೆ ಒಗೆದು ಬಂದ ಹಾಸಿಗೆ ಬಟ್ಟೆ, ಡಾಕ್ಟರ ಗೌನು, ಬ್ಯಾಂಡೇಜ್ ಬಟ್ಟೆಗಳನ್ನು ಮಡಿಸಿ ಜೋಡಿಸಿಡುವ ಕೋಣೆ. ನೆಲಮಾಳಿಗೆಯಲ್ಲಿತ್ತು. ಬೇರೆ ಮೂವರು ಹೆಂಗಸರು ಇದ್ದರು, ಎಲ್ಲರೂ ಒಳ್ಳೆಯವರು. ನಾನು ಅಲ್ಲಿ ದಿನವಿಡೀ ಮಡಿಸಿದೆ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅದೇ ಕಷ್ಟವಾದದ್ದು. ಅಲ್ಲಿಯವರೆಗೆ ದಿನಕ್ಕೆ ನೂರಾರು ಜನ ನನ್ನನ್ನು ಏನಾದರೂ ಕೇಳುತ್ತಿದ್ದರು. ಡಾಕ್ಟರ್ ಇದ್ದಾರಾ, ರಕ್ತ ಸಿಗುತ್ತಾ, ನನ್ನ ಹೆಂಡತಿಗೆ ಯಾವ ಮಗು. ಈಗ ಕೋಣೆಯಲ್ಲಿ ಇದ್ದ ಸದ್ದು ಫ್ಯಾನಿನದು ಮಾತ್ರ. ಮನೆಗೆ ಬಂದು ಅಮ್ಮನ ಹತ್ತಿರವೂ ಮಾತು ಕಡಿಮೆಯಾಯಿತು.

ಎರಡು ವಾರ ಆಗಿರಬೇಕು, ಮಧ್ಯಾಹ್ನದ ನಮಾಜು ಮುಗಿಸಿ ಚಾಚಾ ನೆಲಮಾಳಿಗೆಗೆ ಬಂದರು. "ಬೇಟಿ, ಕೈ ಕೊಡು" ಅಂದು, ಅಂಗೈಯಲ್ಲಿ ಪೆನ್ನಿನಂಥದ್ದೊಂದನ್ನು ಇಟ್ಟರು. "ಇದನ್ನ ಮೇಲೆ ಬೆಳಕಿಂಡಿ ಕಡೆ ಹಿಡಿ." ಹಿಡಿದೆ. 'ಕುಂಯ್' ಅಂತು. ಸೆರಗಿನೊಳಗೆ ಹಾಕಿದೆ. ಸುಮ್ಮನಾಯಿತು. ಬೆಳಕು ಬಿದ್ದರೆ ಕೂಗುವ ಪೆನ್ನು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ತಾವೇ ಮಾಡಿದ್ದರು.

"ಹೊಸ ಬೋರ್ಡಿನ ದೀಪದ ಮೇಲೆ ಇದನ್ನ ಇಟ್ರೆ, ಹತ್ತಿದೆಯೋ ಇಲ್ವೋ ಗೊತ್ತಾಗುತ್ತಲ್ಲ!" ಅಂದರು.

ಊಟದ ಹೊತ್ತಿನಲ್ಲಿ ಅಕ್ಕನೂ ಸೇರಿ ಮೂವರೂ ಬೋರ್ಡ್ ರೂಮಿನಲ್ಲಿ ಕೂತು ನೋಡಿದೆವು. ಪೆನ್ನು ಎಲ್ಲಿಟ್ಟರೂ ಕೂಗಿತು. ಮೇಲಿನ ಟ್ಯೂಬ್‌ಲೈಟಿಗೂ ಅದು ಸಲಾಮು ಹೊಡೆಯುತ್ತಿತ್ತು. ಚಾಚಾ ಗೊಣಗುತ್ತಾ ಹೋಗಿ, ಮಾರನೇ ದಿನ ಹಳೇ ಸ್ಟೆತಾಸ್ಕೋಪಿನ ರಬ್ಬರ್ ಕೊಳವೆ ಒಂದು ತುಂಡು ಕತ್ತರಿಸಿ ಪೆನ್ನಿನ ಮೂತಿಗೆ ತೊಡಿಸಿಕೊಂಡು ಬಂದರು. ಈಗ ದೀಪದ ಮೇಲೆ ಇಟ್ಟರೆ ಮಾತ್ರ ಕೂಗಿತು. ಆದರೆ ಹೊರಗಿನ ಎಂಟು ಲೈನುಗಳ ದೀಪಗಳನ್ನು ಒಂದೊಂದಾಗಿ ಮುಟ್ಟಿ ನೋಡುವಷ್ಟರಲ್ಲಿ ಕರೆ ಮಾಡಿದವರು ಇಟ್ಟೇಬಿಡುತ್ತಾರೆ. "ನಿಧಾನ ಆಯ್ತು ಚಾಚಾ" ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಒಂದು ವಾರ ಕಾಣಲಿಲ್ಲ.

ಆಮೇಲೆ ತಂದದ್ದು ಒಂದು ಪಟ್ಟಿ. ಸ್ಕೂಲಿನ ಅಳತೆ ಪಟ್ಟಿಯಷ್ಟು ಉದ್ದ. ಅದರಲ್ಲಿ ಎಂಟು ಕಣ್ಣು, ಎಂಟು ಕೂಗು. ಹೊರಗಿನ ಲೈನುಗಳ ದೀಪಗಳ ಮೇಲೆ ಅದನ್ನು ಅಂಟಿಸಿದರೆ, ಒಂದನೇ ಲೈನಿಗೆ ತಗ್ಗಿನ ದನಿ, ಎಂಟನೇದಕ್ಕೆ ಏರುದನಿ, ನಡುವೆ ಮೆಟ್ಟಿಲು ಮೆಟ್ಟಿಲು. ವಾರ್ಡುಗಳ ದೀಪ ನೋಡಲು ಪೆನ್ನು ಇದ್ದೇ ಇತ್ತು. ಶ್ರುತಿ ಕೂಡಿಸುವುದಕ್ಕೆ ನಾಲ್ಕು ಮಧ್ಯಾಹ್ನ ಹಿಡಿಯಿತು. ಐದೂ ಆರೂ ಒಂದೇ ಥರ ಕೇಳುತ್ತಿದ್ದವು. "ಆರು ಇನ್ನೂ ಸ್ವಲ್ಪ ಮೇಲಕ್ಕೆ ಹೋಗಲಿ" ಅಂತ ನಾನು, "ಸಾಕಾ, ಇನ್ನೂ ಬೇಕಾ" ಅಂತ ಅವರು, "ತಲೆನೋವು ಬಂತು ನಿಮ್ಮಿಬ್ಬರಿಂದ" ಅಂತ ಅಕ್ಕ. ಪಟ್ಟಿ ಸರಿಹೋದ ದಿನ ಅಕ್ಕ ಮನೆಯಿಂದ ಪೊಂಗಲ್ ಮಾಡಿಕೊಂಡು ಬಂದಿದ್ದರು.

ಚಾಚಾ ಪಟ್ಟಿಯನ್ನು ಹಿಡಿದುಕೊಂಡು ಅಧಿಕಾರಿಯ ಹತ್ತಿರ ಹೋದರು. ಅವರು ಕೇಳಿಸಿಕೊಂಡರು, ಮೆಚ್ಚಿದರು, ಕೊನೆಗೆ ಹೇಳಿದರು. "ಎಲ್ಲಾ ಸರಿ ಭಾಯ್. ಆದ್ರೆ ಕುರ್ಚಿ ಒಂದೇ. ಈಗಿರೋರು ಇಪ್ಪತ್ತೇಳು ವರ್ಷದ ಸರ್ವೀಸು, ಒಂದು ಕರೆ ತಪ್ಪಿಸಿಲ್ಲ. ಅವರನ್ನ ಎಬ್ಬಿಸಿ ಇವರನ್ನ ಕೂರಿಸೋಕೆ ಯಾವ ಕಾರಣ ಕೊಡ್ಲಿ?"

ಚಾಚಾ ಪಟ್ಟಿ ಹಿಡಿದುಕೊಂಡು ವಾಪಸ್ ಬಂದರು. ಅಕ್ಕನ ಕುರ್ಚಿ ನನಗೆ ಬೇಕು ಅಂತ ನಾನು ಕನಸಿನಲ್ಲೂ ಅಂದುಕೊಂಡವಳಲ್ಲ. ಪಟ್ಟಿ ಮಾಡುವ ಸಂಭ್ರಮದಲ್ಲಿ ಆ ಮಾತು ನಮ್ಮ ಮೂವರಿಗೂ ಹೊಳೆದೇ ಇರಲಿಲ್ಲ. ಅಥವಾ ನಮ್ಮಿಬ್ಬರಿಗೆ ಹೊಳೆದಿರಲಿಲ್ಲ. ನಾನು ಮತ್ತೆ ನೆಲಮಾಳಿಗೆಗೆ ಇಳಿದೆ.

ಮುಂದಿನ ವಾರದಿಂದ ಆಸ್ಪತ್ರೆಯಲ್ಲಿ ಒಂದು ಸುದ್ದಿ. ಅಕ್ಕನಿಗೆ ಹೊಸ ಬೋರ್ಡು ಒಗ್ಗುತ್ತಿಲ್ಲವಂತೆ. ಕರೆಗಳು ಎಲ್ಲೆಲ್ಲಿಗೋ ಹೋಗುತ್ತಿವೆಯಂತೆ. ಅಧಿಕಾರಿಗೆ ಯಾರೋ ದೊಡ್ಡವರು ಫೋನ್ ಮಾಡಿದರೆ ಅದು ಕ್ಯಾಂಟೀನಿಗೆ ಹೋಗಿತ್ತು. ಕ್ಯಾಂಟೀನಿನವನು ಫೋನ್ ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ, "ಇಡ್ಲಿ ಖಾಲಿ, ಪುಳಿಯೋಗರೆ ಇದೆ!" ಅಂತ ಕೂಗುತ್ತಿದ್ದ. ಆ ದೊಡ್ಡವರಿಗೂ ಅದನ್ನೇ ಕೂಗಿದ. ಮಾರನೇ ದಿನ ಮತ್ತೆ ಕ್ಯಾಂಟೀನು. ಅದರ ಮಾರನೇ ದಿನ ಧೋಬಿ ಮನೆ. ಅಧಿಕಾರಿ ಬೋರ್ಡ್ ರೂಮಿಗೇ ಬಂದು ಕೇಳಿದರೆ ಅಕ್ಕ, "ಏನು ಮಾಡ್ಲಿ ಸಾರ್, ದೀಪ ಎಲ್ಲಾ ಒಂದೇ ಥರ ಕಾಣ್ತದೆ. ವಯಸ್ಸಾಯ್ತು ಸಾರ್" ಅಂದರಂತೆ.

ನನಗೆ ಎದೆ ಒಡೆದುಹೋಯಿತು. ಅಕ್ಕ ಕರೆ ತಪ್ಪಿಸುವುದೆಂದರೇನು! ಬಸ್ಸಿನಲ್ಲಿ ಸಿಕ್ಕಾಗ, "ಅಕ್ಕಾ, ಕಣ್ಣು ತೋರಿಸಿ, ಕನ್ನಡಕ ಮಾಡಿಸಿ" ಅಂತ ಬೇಡಿಕೊಂಡೆ. "ಆಗಲಿ ಕಣ್ಣು" ಅಂದರು, ಬೇರೆ ಮಾತು ತೆಗೆದರು.

ಹತ್ತು ದಿನಕ್ಕೆ ಅಧಿಕಾರಿ ಸೋತರು. ನನ್ನನ್ನು ಕರೆಸಿ, "ಆ ಪಟ್ಟಿ ತಗೊಂಡು ಬಂದು ಒಂದು ಬೆಳಿಗ್ಗೆ ಕೂತು ತೋರಿಸಿ" ಅಂದರು. ಕೂತೆ. ಅವರು ಹಿಂದೆ ನಿಂತಿದ್ದರು, ಶೂ ಕಿರುಗುಟ್ಟುತ್ತಿತ್ತು. ಚಾಚಾ ಬಾಗಿಲಲ್ಲಿ. ಪಟ್ಟಿ ಕೂಗಿತು, ನಾಲ್ಕನೇ ಲೈನು. "ನಮಸ್ಕಾರ, ಆಸ್ಪತ್ರೆ" ಅಂದೆ. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಮೇಡಂ, ಹೆರಿಗೆ ವಾರ್ಡು ಕೊಡ್ತೀರಾ?" ಕೊಟ್ಟೆ. ಆಮೇಲೆ ಎರಡು, ಆಮೇಲೆ ಏಳು, ಒಟ್ಟಿಗೆ ಒಂದು ಮತ್ತು ಐದು. ಭಯಕ್ಕೆ ಕೈ ಬೆವರಿ ಪೆನ್ನು ಒಮ್ಮೆ ಜಾರಿ ಬಿತ್ತು, ಒಂದು ಕರೆ ತಪ್ಪಾಗಿ ಮೇಟ್ರನ್ ರೂಮಿಗೆ ಹೋಯಿತು. ತಕ್ಷಣ ತಿದ್ದಿದೆ. ಒಂದು ಗಂಟೆ ಆದ ಮೇಲೆ ಅಧಿಕಾರಿ ಉಸಿರು ಬಿಟ್ಟು, "ಕ್ಯಾಂಟೀನಿಗೆ ಒಂದೂ ಹೋಗಲಿಲ್ಲ" ಅಂದರು. ಅಷ್ಟೇ ಪರೀಕ್ಷೆ.

ನಾನು ಬೋರ್ಡಿಗೆ ಬಂದೆ. ಅಕ್ಕ ಲಿನನ್ ರೂಮಿಗೆ ಹೋದರು. ಪಾಪ, ವಯಸ್ಸಾಯಿತಲ್ಲ ಅಂತ ಎಲ್ಲರೂ ಅಂದರು. ನಾನೂ ಅಂದೆ. ಆ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಳೇ ಬೋರ್ಡು ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಪ್ಲಗ್ ಕಿತ್ತರೆ ಮುಗಿಯಿತು, ಯಾರು ಯಾರ ಜೊತೆ ಮಾತಾಡಿದರು ಅನ್ನುವುದು ಗಾಳಿಗೆ ಹೋಯಿತು. ಹೊಸದು ಹಾಗಲ್ಲ. ಬೀರುವಿನ ಪಕ್ಕ ಒಂದು ಪ್ರಿಂಟರ್ ಇಟ್ಟಿದ್ದರು. ಎಷ್ಟು ಹೊತ್ತಿಗೆ, ಯಾವ ಲೈನು, ಎಲ್ಲಿಗೆ ಹೋಯಿತು, ಅಲ್ಲಿಂದ ಮತ್ತೆ ಎಲ್ಲಿಗೆ ತಿರುಗಿತು, ಎಲ್ಲವನ್ನೂ ಅದು ಕರಕರ ಅಂತ ಅಚ್ಚು ಹಾಕುತ್ತಿತ್ತು. ಉದ್ದುದ್ದದ ಕಾಗದ. ಯಾರೂ ಓದುತ್ತಿರಲಿಲ್ಲ. ಮಡಿಸಿ ಬೀರುವಿನ ಮೇಲೆ ಇಡುವುದು ಚಾಚಾನ ಕೆಲಸ.

ನಾಲ್ಕೈದು ತಿಂಗಳಾದ ಮೇಲೆ, ಕರೆ ಕಡಿಮೆ ಇರುವ ಒಂದು ಮಧ್ಯಾಹ್ನ ಅವರು ಒಂದು ಕಟ್ಟು ಕಾಗದ ತಂದು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. "ಬೇಟಿ, ಯಾರಿಗೂ ಹೇಳ್ಬೇಡ. ಆ ಹತ್ತು ದಿನದ ಕಾಗದ ಇದು. ನಾನು ಪೂರಾ ಓದ್ದೆ."

"ಯಾಕೆ ಚಾಚಾ?"

"ಬೋರ್ಡ್ ಕೆಟ್ಟಿತ್ತಾ ಅಂತ ನೋಡೋಕೆ. ಬೋರ್ಡಿಗೆ ಏನೂ ಆಗಿಲ್ಲ." ಕಾಗದ ತಿರುವಿದರು. "ಕೇಳು. ಹೆರಿಗೆ ವಾರ್ಡಿಗೆ ಬಂದದ್ದು ಒಂದೂ ತಪ್ಪಿಲ್ಲ. ತುರ್ತು ವಾರ್ಡಿಗೆ ಬಂದದ್ದು ಒಂದೂ ತಪ್ಪಿಲ್ಲ. ರಕ್ತಕ್ಕೆ, ಔಷಧಿಗೆ, ಡಾಕ್ಟರುಗಳಿಗೆ, ಎಲ್ಲಾ ಬರಾಬರ್. ತಪ್ಪಿದ್ದು ಎಲ್ಲಾ ಒಬ್ಬನೇ ಮನುಷ್ಯಂದು."

"ಯಾರದು?"

"ಕುರ್ಚಿ ಕೊಡೋ ಮನುಷ್ಯಂದು" ಅಂದರು ಚಾಚಾ.

ಒಂದು ಲೈನು ಕೂಗಿತು. ನಾನು ಎತ್ತಿ, ಕೊಟ್ಟು, ಇಟ್ಟೆ. ಕೈ ತಾನಾಗಿ ಕೆಲಸ ಮಾಡಿತು. ಆಮೇಲೆ ಕೋಪ ಬಂತು. ನನಗೆ ಕನಿಕರ ತೋರಿಸಿದವರ ಮೇಲೆಲ್ಲ ಬರುವ ಹಳೇ ಕೋಪ. ಪಾಳಿ ಮುಗಿದದ್ದೇ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದೆ. ಅಕ್ಕ ಒಬ್ಬರೇ ಇದ್ದರು. ಬಟ್ಟೆ ಕೊಡವುವ ಸದ್ದು ಕೇಳುತ್ತಿತ್ತು.

"ಅಕ್ಕಾ, ನೀವು ಬೇಕಂತಲೇ ಮಾಡಿದ್ರಿ."

"ಏನು ಮಾಡಿದೆ?"

"ಕ್ಯಾಂಟೀನಿಗೆ ಹಾಕಿದ್ರಲ್ಲ. ಕಾಗದದಲ್ಲಿ ಎಲ್ಲಾ ಬಂದಿದೆ. ನನಗೆ ದಾನ ಬೇಕಾಗಿರ್ಲಿಲ್ಲ ಅಕ್ಕಾ. ಕೇಳಿದ್ನಾ ನಾನು?"

ಅಕ್ಕ ಒಂದು ಹಾಸಿಗೆ ಬಟ್ಟೆಯನ್ನು ಮಡಿಸಿ ಮುಗಿಸಿದರು. ಆಮೇಲೆ ಬಂದು ನನ್ನ ಕೈಗೆ ಇನ್ನೊಂದರ ತುದಿ ಕೊಟ್ಟರು. "ಹಿಡ್ಕೋ. ಇದರಲ್ಲಿ ರಕ್ತದ ಕಲೆ ಇದೆ. ಎಲ್ಲಿದೆ ಹೇಳು."

ಬಟ್ಟೆಯ ಮೇಲೆ ಬೆರಳಾಡಿಸಿದೆ, ಎಲ್ಲ ಕಡೆಯೂ ಒಂದೇ ಥರ ಇತ್ತು.

"ನೀನು ಇಲ್ಲಿದ್ದ ದಿನ ಕಲೆ ಇರೋ ಬಟ್ಟೆನೂ ಮಡಿಸಿ ಮೇಲಕ್ಕೆ ಕಳಿಸ್ತಿದ್ದೆ. ಇಲ್ಲಿಯ ಮೂವರು ಹೆಂಗಸರು ನೀನು ಹೋದ ಮೇಲೆ ಎಲ್ಲಾ ಬಿಚ್ಚಿ ಮತ್ತೆ ನೋಡ್ತಿದ್ರು. ನಿನಗೆ ಹೇಳ್ಲಿಲ್ಲ, ಪಾಪ ಅಂತ. ನಿನ್ನ ಕೆಲಸ ಇಲ್ಲಿ ಚೆನ್ನಾಗಿರ್ಲಿಲ್ಲ ಕಣ್ಣು. ಬೋರ್ಡಲ್ಲಿ ನನಗಿಂತ ಚೆನ್ನಾಗಿದೆ. ಎರಡು ಕೆಲಸ, ಎರಡು ಜನ. ಯಾರು ಎಲ್ಲಿ ಕೂತ್ರೆ ಆಸ್ಪತ್ರೆಗೆ ಒಳ್ಳೇದು? ನೀನೇ ಹೇಳು."

"ನಿಮ್ಮನ್ನ ವಯಸ್ಸಾಯ್ತು, ಕೈಲಾಗಲ್ಲ ಅಂತ ಎಲ್ರೂ ಅಂದ್ರಲ್ಲ."

"ಅಂದ್ರೆ ಅನ್ಲಿ. ಆ ದೊಡ್ಡ ಮನುಷ್ಯ ಇಡ್ಲಿ ಖಾಲಿ ಅಂತ ಕೇಳಿದ್ನಲ್ಲ, ಅದನ್ನ ನೆನೆಸ್ಕೊಂಡು ನಾನು ಇನ್ನೂ ಹತ್ತು ವರ್ಷ ನಗ್ತೀನಿ." ನಗಲು ಶುರುಮಾಡಿಯೇಬಿಟ್ಟರು. ನನಗೆ ಅಳು ಬಂತು, ನಗುವೂ ಬಂತು. ಬಟ್ಟೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಇಬ್ಬರೂ ಸೇರಿ ಮಡಿಸಿದೆವು. ಆಮೇಲೆ ಅವರು ಅದನ್ನು ಬಿಚ್ಚಿ ಕಲೆಯ ಬಟ್ಟೆಗಳ ಬುಟ್ಟಿಗೆ ಹಾಕಿದರು.

ಆ ಕಾಗದದ ಕಟ್ಟು ಏನಾಯಿತು ಅಂತ ಚಾಚಾನನ್ನು ಕೇಳಿದೆ. ಮಸೀದಿ ಎದುರಿನ ಪಕೋಡದವನಿಗೆ ಕೊಟ್ಟರಂತೆ.

ಪಟ್ಟಿ ಬಹಳ ವರ್ಷ ಬಾಳಿತು. ಎರಡು ಸಲ ಅದರ ಕೂಗು ಬದಲಾಯಿಸಬೇಕಾಯಿತು ಅಷ್ಟೇ. ಅಕ್ಕ ನಾಲ್ಕು ವರ್ಷ ಲಿನನ್ ರೂಮಿನಲ್ಲಿ ಇದ್ದು ನಿವೃತ್ತಿಯಾಗಿ, ಮಗಳ ಜೊತೆ ಕೆ.ಆರ್. ಪುರಕ್ಕೆ ಹೋದರು. ಚಾಚಾ ನಿವೃತ್ತಿಯಾದ ಮೇಲೆ ಮನೆಯ ಕೆಳಗೇ ಮೊಬೈಲ್ ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟರು. ನನ್ನ ಮೊದಲ ಮೊಬೈಲನ್ನು ಕೊಡಿಸಿ, ಗುಂಡಿಗಳಿಗೆ ಅಂಟಿನ ಚುಕ್ಕಿ ಹಾಕಿಕೊಟ್ಟವರು ಅವರೇ. ಐದರ ಮೇಲೆ ಚುಕ್ಕಿ ಮೊದಲೇ ಇತ್ತು. ಮಿಕ್ಕವುಗಳಿಗೆ ಯಾಕಿಲ್ಲ ಅಂತ ಕಂಪನಿಯವರಿಗೆ ಶಾಪ ಹಾಕಿದರು.

ಮೊಬೈಲುಗಳು ಬಂದಂತೆ ಬೋರ್ಡಿಗೆ ಕರೆಗಳು ಕಡಿಮೆಯಾದವು. ಜನ ವಾರ್ಡಿನಲ್ಲಿರುವವರಿಗೆ ನೇರವಾಗಿ ಮಾಡಿಕೊಳ್ಳುತ್ತಿದ್ದರು. ನನ್ನ ಕೊನೆಯ ಕೆಲವು ವರ್ಷಗಳಲ್ಲಿ ಆ ಚಪ್ಪಟೆ ಪೆಟ್ಟಿಗೆಯೂ ಹೋಯಿತು. ಫೋನುಗಳೆಲ್ಲ ಕಂಪ್ಯೂಟರಿನ ವೈರಿನಲ್ಲೇ ಓಡತೊಡಗಿದವು. ಹಾಕಲು ಬಂದವಳು ಸಿ.ವಿ. ರಾಮನ್ ನಗರದ ಕಡೆಯ ಒಬ್ಬ ಹುಡುಗಿ. ನಾನು ಮತ್ತೆ ನೆಲಮಾಳಿಗೆಯೇ ಅಂದುಕೊಂಡು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವಳು ನನ್ನನ್ನು ನೋಡಿ, ಯಾರನ್ನೂ ಕೇಳದೆ, "ಮೇಡಂ, ನಿಮಗೆ ಸ್ಕ್ರೀನ್ ಓದಿ ಹೇಳೋ ಸಾಫ್ಟ್‌ವೇರ್ ಹಾಕ್ತೀನಿ, ಅರ್ಧ ಗಂಟೆ ಕೊಡಿ" ಅಂದಳು. ಅಷ್ಟೇ ಹೊತ್ತಿನಲ್ಲಿ ಮುಗಿಸಿದಳು. ಚಾಚಾ ಮೂರು ವಾರ ಬೆವರಿದ ಕೆಲಸ! ಅವಳಿಗೆ ಪಟ್ಟಿ ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮಾಡಿದವರು ಇಂಜಿನಿಯರಾ?" ಅಂತ ಕೇಳಿದಳು. "ಹೌದು" ಅಂದೆ. ಸುಳ್ಳು ಅಂತ ನನಗೆ ಅನ್ನಿಸಲಿಲ್ಲ.

ಕಂಪ್ಯೂಟರು ಒಂದು ಕಿವಿಯಲ್ಲಿ, ಕರೆ ಮಾಡಿದವರು ಇನ್ನೊಂದು ಕಿವಿಯಲ್ಲಿ. ಮೊದಲ ವಾರ ತಲೆ ತಿರುಗಿತು. ಇಬ್ಬರು ಒಟ್ಟಿಗೆ ಜಗಳಕ್ಕೆ ಬಂದ ಹಾಗೆ. ಆಮೇಲೆ ಅಭ್ಯಾಸವಾಯಿತು. ನಾನು ನಿವೃತ್ತಿಯಾದಾಗ ಆ ಕುರ್ಚಿಗೆ ಬೇರೆ ಯಾರನ್ನೂ ಹಾಕಲಿಲ್ಲ. ಈಗ ಫೋನ್ ಮಾಡಿದರೆ ಯಂತ್ರವೇ ಮಾತಾಡುತ್ತದೆ. ಕನ್ನಡಕ್ಕೆ ಇದನ್ನು ಒತ್ತಿ, ಅದಕ್ಕೆ ಅದನ್ನು ಒತ್ತಿ. ಚೆನ್ನಾಗಿಯೇ ಮಾತಾಡುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಅನ್ನುವುದೊಂದು ಬಿಟ್ಟರೆ ದೂರಲು ಏನೂ ಇಲ್ಲ.

ಚಾಚಾ ಹೋಗಿ ಮೂರು ವರ್ಷವಾಯಿತು. ಅಂಗಡಿಯನ್ನು ಅವರ ಮಗಳು ನಡೆಸುತ್ತಾಳೆ. ನಾನು ಹೋದರೆ ಚಹಾ ತರಿಸುತ್ತಾಳೆ, ಅಪ್ಪನ ಕಥೆ ಹೇಳಿ ಅನ್ನುತ್ತಾಳೆ. ಹೇಳಿದ್ದನ್ನೇ ಹೇಳುತ್ತೇನೆ, ಕೇಳಿದ್ದನ್ನೇ ಕೇಳುತ್ತಾಳೆ.

ಅಕ್ಕನಿಗೆ ಎಂಬತ್ತು ದಾಟಿದೆ. ತಿಂಗಳಿಗೆ ಒಮ್ಮೆ ಹಲಸೂರಿನಲ್ಲಿ ಮೆಟ್ರೋ ಹತ್ತಿ ಅವರ ಮನೆಗೆ ಹೋಗುತ್ತೇನೆ, ಸ್ಟೇಷನ್ನಿಗೆ ಮೊಮ್ಮಗಳು ಬರುತ್ತಾಳೆ. ಮಿಕ್ಕ ದಿನ ಸಂಜೆ ನಾಲ್ಕಕ್ಕೆ ಫೋನ್. ಅವರ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮೆಟ್ಟಿಲ ಮೇಲೆ ಕೂತು ಮಾತಾಡಬೇಕು. ಅಲ್ಲಿ ರಸ್ತೆಯ ಲಾರಿ, ತರಕಾರಿ ಗಾಡಿಯ ಮೈಕು, ಪಕ್ಕದ ಮನೆಯ ನಾಯಿ, ಎಲ್ಲವೂ ಅಚ್ಚುಕಟ್ಟಾಗಿ ಕೇಳಿಸುತ್ತವೆ, ಅಕ್ಕನ ಮಾತೊಂದು ಬಿಟ್ಟು. ನಿನ್ನೆಯೂ ಹಾಗೇ ಆಯಿತು. "ಅಕ್ಕಾ, ಫೋನ್ ಬಾಯಿ ಹತ್ತಿರ ಹಿಡೀರಿ" ಅಂದೆ. "ಹಿಡಿದೇ ಇದ್ದೀನಿ ಕಣ್ಣು" ಅಂದರು. "ತಲೆಕೆಳಗಾಗಿ ಹಿಡಿದಿರ್ತೀರಿ." ಫೋನ್ ತಿರುಗಿಸುವ ಸದ್ದಾಯಿತು. ಆಮೇಲೆ ದನಿ ಹತ್ತಿರ ಬಂತು. "ಸರಿ, ಈಗ ಹೇಳು. ಮಧ್ಯಾಹ್ನ ಏನು ಊಟ ಮಾಡಿದೆ?" ಅನ್ನದ ಜೊತೆ ಹುರುಳಿಕಾಯಿ ಪಲ್ಯ ಅಂದೆ. ತೆಂಗಿನಕಾಯಿ ಹಾಕಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಅದಕ್ಕೆ ಹತ್ತು ನಿಮಿಷ ಬೈಸಿಕೊಂಡೆ.